ಕಾಣದ ಬೇರಿನ ಕಾಯಕ: ಮನೆಯಂಗಳದ ಲಾವಂಚ

ಮನೆಯಂಗಳದಲ್ಲಿ ಒಂದಿಷ್ಟು ಹಸಿರಿರಬೇಕೆಂಬುದು ಗೃಹಸ್ಥರೆಲ್ಲರ ಸಹಜ ಹಂಬಲ. ಆದರೆ ನಗರದ ಮನೆಗಳ ಮುಂದೆ ನಾವು ಅಲಂಕಾರಕ್ಕೆಂದು ಬೆಳೆಸುವ ಹುಲ್ಲುಹಾಸು ಬೇಸಿಗೆಯಲ್ಲಿ ನೀರುಣಿಸದಿದ್ದರೆ ಬಾಡಿಹೋಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳು ಬತ್ತಿ, ಜನರು ಟ್ಯಾಂಕರಿನ ದಾರಿ ಕಾಯಬೇಕಾದ ದಿನಗಳು ಬಂದವು. ಕುಡಿಯುವ ನೀರಿಗೇ ತತ್ವಾರವಿರುವಾಗ ಹುಲ್ಲಿಗೆ ನೀರೆರೆಯುವುದು ಸಲ್ಲದೆಂದು ನಮಗೆ ತೋರಿತು. ಆದುದರಿಂದ ಅರೆಕೆರೆಯ ನಮ್ಮ ಮನೆಯಂಗಳಕ್ಕೆ ಈ ನೆಲದ್ದೇ ಆದ ಲಾವಂಚವನ್ನು ಆರಿಸಿಕೊಂಡೆವು.

ಲಾವಂಚಕ್ಕೆ ಸಂಸ್ಕೃತದಲ್ಲಿ ಉಶೀರವೆಂದು ಹೆಸರು. ಕಾಳಿದಾಸನ ಶಾಕುಂತಲದ ಮೂರನೆಯ ಅಂಕದ ಆರಂಭದಲ್ಲಿಯೇ, ತಾಪದಿಂದ ಬಳಲಿದ ಶಕುಂತಲೆಗೆಂದು ಉಶೀರದ ಲೇಪವನ್ನು ಒಯ್ಯುವ ಮಾತು ಬರುತ್ತದೆ. ಮಠದ ಪಾಠಶಾಲೆಯಲ್ಲಿ ಅದನ್ನು ಓದಿದಾಗ ನಮಗೆ ಹೆಸರು ಮಾತ್ರ ತಿಳಿದಿತ್ತು. ಹುಲ್ಲಿನ ಗುಣ ತಿಳಿದದ್ದು ಕೈಯಾರೆ ನೆಟ್ಟ ಮೇಲೆಯೇ.

ಇದರ ಚೆಲುವು ಎದ್ದು ಕಾಣುವಂಥದು. ಆಳೆತ್ತರಕ್ಕೆ ಬೆಳೆಯುವ ನೀಳವಾದ ಗರಿಗಳು ತುದಿಯಲ್ಲಿ ಬಾಗಿ ಗಾಳಿಗೆ ತೊನೆಯುತ್ತವೆ. ಆದರೆ ಇದರ ಹಿರಿಮೆಯಿರುವುದು ನೆಲದೊಳಗೆ. ಬೇರುಗಳು ಅಕ್ಕಪಕ್ಕಕ್ಕೆ ಹಬ್ಬದೆ ನೇರವಾಗಿ ಕೆಳಗಿಳಿಯುತ್ತವೆ. ಅನುಕೂಲವಾದ ಮಣ್ಣಿನಲ್ಲಿ 3 ಮೀಟರಿನಷ್ಟು ಆಳಕ್ಕೂ ಹೋಗುತ್ತವೆ. ಗುಂಡ್ಲುಪೇಟೆಯ ಸುತ್ತಲಿನ ರೈತರು ತಲೆಮಾರುಗಳಿಂದ ಇದನ್ನು ಹೊಲದ ಎಲ್ಲೆಗಳಲ್ಲಿ ಬೇಲಿಯಂತೆ ಬೆಳೆಸಿಕೊಂಡು ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರಾದ ರಿಚರ್ಡ್ ಗ್ರಿಮ್‌ಶಾ ಮತ್ತು ಜಾನ್ ಗ್ರೀನ್‌ಫೀಲ್ಡ್ ಅವರು ಮಣ್ಣಿನ ಸವಕಳಿಯನ್ನು ತಡೆಯಲು ಇದೇ ಹುಲ್ಲನ್ನು ಪ್ರಚಾರಕ್ಕೆ ತಂದರು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು ಲಾವಂಚವನ್ನು ಕುರಿತೇ ಒಂದು ಗ್ರಂಥವನ್ನು ಹೊರತಂದಿತು. ನಮ್ಮ ರೈತರ ತಿಳಿವು ಹೀಗೆ ಲೋಕಕ್ಕೆ ಪಾಠವಾಯಿತು.

ಬೆಳೆಸುವ ಕ್ರಮ ಸುಲಭ. ದಕ್ಷಿಣ ಭಾರತದಲ್ಲಿ ಬೆಳೆಸುವ ಬಗೆಯು ಸಾಮಾನ್ಯವಾಗಿ ಮೊಳೆಯುವ ಬೀಜ ಕಟ್ಟುವುದಿಲ್ಲ; ಆದುದರಿಂದ ಕಳೆಯಾಗಿ ಹರಡುವ ಭಯವೂ ಇಲ್ಲ. ಬುಡವನ್ನು ಸೀಳಿ, ಎರಡು ಮೂರು ಕವಲುಗಳುಳ್ಳ ಸಸಿಗಳನ್ನು ಮಾಡಿಕೊಳ್ಳಬೇಕು. ಗರಿಯನ್ನು ಸುಮಾರು 20 ಸೆಂಟಿಮೀಟರಿಗೂ ಬೇರನ್ನು 10 ಸೆಂಟಿಮೀಟರಿಗೂ ಕತ್ತರಿಸಿ, ಮುಂಗಾರಿನಲ್ಲಿ ನೆಡಬೇಕು. ಬೇಲಿಗಾದರೆ ಗೇಣಿಗಿಂತ ಹೆಚ್ಚು ಅಂತರ ಬೇಡ. ಬಿಡಿ ಬಿಡಿಯಾಗಿ ಚೆಲುವಿಗೆ ಬೆಳೆಸುವವರು ಒಂದೊಂದು ಮೀಟರು ಬಿಡಬಹುದು. ಬೇರೂರುವವರೆಗೆ ನೀರು ಬೇಕು, ಆಮೇಲೆ ಮಳೆಯೇ ಬಹುಮಟ್ಟಿಗೆ ಸಾಕು. ವರ್ಷಕ್ಕೊಂದೆರಡು ಬಾರಿ ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಬುಡ ದಟ್ಟವಾಗುತ್ತದೆ. ಕತ್ತರಿಸಿದ ಗರಿಯನ್ನು ಗಿಡಗಳ ಬುಡಕ್ಕೆ ಹೊದಿಸಬಹುದು. ಆದರೆ ನೆರಳನ್ನು ಇದು ಸಹಿಸದು. ಸಂಪಿಗೆ ಮರದಡಿ ನಾವು ನೆಟ್ಟ ಎರಡು ಬುಡಗಳು ಸೊರಗಿದವು. ಬಿಸಿಲಿಗೆ ಕಿತ್ತು ನೆಟ್ಟಮೇಲೆ ಚೇತರಿಸಿಕೊಂಡವು.

ಇನ್ನೊಂದು ಪ್ರಸಂಗವನ್ನು ಓದುಗರಿಗೆ ಹೇಳಲೇಬೇಕು. ನಮ್ಮ ಅಂಗಳ ರಸ್ತೆಯತ್ತ ಇಳಿಜಾರಾಗಿದೆ. ಮೊದಲು ಪ್ರತಿ ಮಳೆಗೂ ಕೆಮ್ಮಣ್ಣು ಚರಂಡಿಯ ಪಾಲಾಗುತ್ತಿತ್ತು. ಹನ್ನೆರಡು ಬುಡಗಳ ಸಾಲು ಬೆಳೆದ ಮೇಲೆ ನೀರಿನ ರಭಸ ತಗ್ಗಿ, ಮಣ್ಣು ಸಾಲಿನ ಹಿಂದೆಯೇ ತಂಗತೊಡಗಿತು. ಮರುವರ್ಷದ ಬೇಸಿಗೆಯಲ್ಲಿ, ಕುಡಿಯುವ ನೀರಿನ ಮಡಕೆಗೆ ಹಾಕಲು ಲಾವಂಚದ ಬೇರು ಬೇಕೆಂದು ನಮ್ಮ ಮನೆಯವರು ಕೇಳಿದರು. ಒಂದು ಬುಡ ತಾನೆ ಎಂದು ನಾವು ಸಾಲಿನ ನಡುವಿನದನ್ನೇ ಅಗೆದೆವು. ಮಡಕೆಯ ನೀರು ಘಮಘಮಿಸಿತು, ಮನೆಮಂದಿಯೆಲ್ಲ ಸಂತೋಷಪಟ್ಟರು. ಆದರೆ ಮೊದಲ ದೊಡ್ಡ ಮಳೆಗೆ ಆ ಕಂಡಿಯಲ್ಲಿಯೇ ನೀರು ನುಗ್ಗಿ, ಒಂದು ವರ್ಷದಲ್ಲಿ ನಿಂತ ಮಣ್ಣು ಒಂದೇ ಸಂಜೆಯಲ್ಲಿ ಕೊಚ್ಚಿಹೋಯಿತು. ಬೆಳಗ್ಗೆ ಗುದ್ದಲಿ ಹಿಡಿದು ಆ ಕಂಡಿಯನ್ನು ಮುಚ್ಚುವಾಗ ನಮ್ಮ ತಪ್ಪಿನ ಅರಿವಾಯಿತು.

ಅಂದಿನಿಂದ ನಾವೊಂದು ನಿಯಮ ಮಾಡಿಕೊಂಡಿದ್ದೇವೆ. ಮಡಕೆಗೆ ಬೇಕಾದ ಬೇರಿಗೆಂದು, ಮರಳು ಬೆರೆಸಿದ ಮಣ್ಣನ್ನು ಗೋಣಿಚೀಲಕ್ಕೆ ತುಂಬಿ, ಅದರಲ್ಲಿ ಬೇರೆಯೇ ಬುಡವನ್ನು ಬೆಳೆಸುತ್ತೇವೆ. ಬೇರು ಬಲಿಯಲು 15ರಿಂದ 18 ತಿಂಗಳು ಬೇಕು; ಬಲಿತ ಮೇಲೆ ಚೀಲ ಬಿಚ್ಚಿದರೆ ಅಗೆಯುವ ಶ್ರಮವೂ ಇಲ್ಲ, ಬುಡವನ್ನು ಸೀಳಿ ಮತ್ತೆ ನೆಡಬಹುದು. ನೆಲದ ಸಾಲನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ.

ನಮ್ಮ ಊರಿನ ಹೆಸರಿನಲ್ಲಿಯೇ ಕೆರೆಯಿದೆ. ಅಂಗಳಗಳಿಂದ ಕೊಚ್ಚಿಹೋಗುವ ಮಣ್ಣು ಕಾಲುವೆಗಳನ್ನೂ ಕೆರೆಗಳನ್ನೂ ಹೂಳಿನಿಂದ ತುಂಬುತ್ತದೆ. ತಡೆದು ನಿಲ್ಲಿಸಿದ ನೀರು ನೆಲಕ್ಕಿಳಿಯುತ್ತದೆ. ಈ ಮುಂಗಾರಿಗೆ ಪ್ರತಿಯೊಂದು ಮನೆಯವರೂ ಇಳಿಜಾರಿಗೆ ಅಡ್ಡಲಾಗಿ ಒಂದು ಸಾಲು ಲಾವಂಚವನ್ನು ನೆಡಲಿ. ಕಣ್ಣಿಗೆ ಅದು ಅಲಂಕಾರ, ನೆಲಕ್ಕೆ ಆಧಾರ.