ಸರ್ವರ್ ಸಂಪರ್ಕ ಆಗಾಗ ಕಡಿತಗೊಳ್ಳುವುದು: ಕಾರಣ, ಪತ್ತೆ ಕ್ರಮ ಮತ್ತು ಅರ್ಜಿದಾರರಿಗೆ ಸೂಚನೆಗಳು

ಸವದತ್ತಿ ತಾಲ್ಲೂಕಿನ ಉಗರಗೋಳದಂತಹ ಗ್ರಾಮಗಳ ಸಾರ್ವಜನಿಕರು ಜಾತಿ, ಆದಾಯ ಪ್ರಮಾಣ ಪತ್ರ ಹಾಗೂ ಪಹಣಿ (ಉತಾರ) ಪಡೆಯಲು ಗಣಕೀಕೃತ ಸೇವಾ ಕೇಂದ್ರಗಳನ್ನು ಅವಲಂಬಿಸಿರುತ್ತಾರೆ. ದಿನದ ಕೂಲಿ ಬಿಟ್ಟು ಬಂದವರು "ಸರ್ವರ್ ಇಲ್ಲ" ಎಂಬ ಉತ್ತರ ಪಡೆದು ಮರಳುವ ಸಂದರ್ಭಗಳುಂಟು. ಅನೇಕ ವೇಳೆ ಸರ್ವರ್ ಚಾಲನೆಯಲ್ಲಿಯೇ ಇದ್ದು, ಅದರ ನೆಟ್‌ವರ್ಕ್ ಕಾರ್ಡ್ ಅಥವಾ ಕೇಬಲ್‌ನಲ್ಲಿ ಬಿಟ್ಟು ಬಿಟ್ಟು ದೋಷ ಕಾಣಿಸಿಕೊಳ್ಳುತ್ತದೆ.

ದೋಷದ ಸ್ವರೂಪ

ನೆಟ್‌ವರ್ಕ್ ಕಾರ್ಡ್ ಮಾಹಿತಿಯನ್ನು ಸಣ್ಣ ತುಣುಕುಗಳಾಗಿ ರವಾನಿಸುತ್ತದೆ. ಪ್ರತಿ ತುಣುಕಿನೊಂದಿಗೆ 32 ಬಿಟ್‌ಗಳ ತಾಳೆ ಸಂಖ್ಯೆ ಇರುತ್ತದೆ. ತಾಳೆಯಾಗದ ತುಣುಕನ್ನು ಸ್ವೀಕರಿಸುವ ಕಾರ್ಡ್ ತಿರಸ್ಕರಿಸುತ್ತದೆ; ಅದನ್ನು ಪುನಃ ಕಳುಹಿಸಬೇಕಾಗುತ್ತದೆ. ಆದ್ದರಿಂದ ಕಾರ್ಡಿನ ದೀಪ ಉರಿಯುತ್ತಿದ್ದರೂ ಕೆಲಸ ನಿಧಾನವಾಗುತ್ತದೆ ಅಥವಾ ಮಧ್ಯದಲ್ಲಿ ನಿಲ್ಲುತ್ತದೆ.

ಪತ್ತೆ ಕ್ರಮ

1. ಕಾರ್ಡಿನ ದೋಷ ಎಣಿಕೆ ಹಾಗೂ ದಾಖಲೆಗಳಲ್ಲಿನ ವೇಳೆಯನ್ನು ಗುರುತಿಸುವುದು.
2. ಕೇಬಲ್, ನಂತರ ಸ್ವಿಚ್‌ನ ಪೋರ್ಟ್, ಕೊನೆಗೆ ಕಾರ್ಡ್ ಹೀಗೆ ಒಂದು ಬಾರಿಗೆ ಒಂದನ್ನೇ ಬದಲಿಸುವುದು. ಎಲ್ಲವನ್ನೂ ಒಮ್ಮೆಲೇ ಬದಲಿಸಿದಲ್ಲಿ ಮೂಲ ಕಾರಣ ತಿಳಿಯುವುದಿಲ್ಲ.
3. ತಾಮ್ರದ ಕೇಬಲ್‌ನ ಉದ್ದ 100 ಮೀಟರ್ ಮೀರದಂತೆ ನೋಡಿಕೊಳ್ಳುವುದು.
4. ಕಾರ್ಡ್ ಮತ್ತು ಸ್ವಿಚ್‌ನ ವೇಗ ಹಾಗೂ ಡುಪ್ಲೆಕ್ಸ್ ಹೊಂದಾಣಿಕೆ ಒಂದೇ ಆಗಿರುವುದನ್ನು ಖಚಿತಪಡಿಸಿಕೊಳ್ಳುವುದು.
5. ಡ್ರೈವರ್ ತಂತ್ರಾಂಶ, ಧೂಳು ಮತ್ತು ಅಧಿಕ ಉಷ್ಣತೆಯನ್ನು ಪರಿಶೀಲಿಸುವುದು.

ಸರ್ವರ್ ಅನ್ನು ಕೇವಲ ಪುನರಾರಂಭಿಸಿದಲ್ಲಿ ದೋಷ ತಾತ್ಕಾಲಿಕವಾಗಿ ಮರೆಯಾಗಬಹುದೇ ಹೊರತು ನಿವಾರಣೆಯಾಗುವುದಿಲ್ಲ.

ಅರ್ಜಿದಾರರ ಗಮನಕ್ಕೆ

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಿಗೆ ಜಿ.ಎಸ್.ಸಿ. ಸಂಖ್ಯೆಯುಳ್ಳ ಸ್ವೀಕೃತಿ ನೀಡಲಾಗುತ್ತದೆ. ಈ ಸಂಖ್ಯೆ ಇಲ್ಲದಿದ್ದಲ್ಲಿ ಅರ್ಜಿ ಸಲ್ಲಿಸಿದ ದಿನಾಂಕಕ್ಕೆ ಆಧಾರವಿರುವುದಿಲ್ಲ. ಆದುದರಿಂದ:

- ಸ್ವೀಕೃತಿ ಪಡೆಯದೆ ಕೇಂದ್ರದಿಂದ ತೆರಳಬಾರದು.
- ಶುಲ್ಕ ಪಾವತಿಯ ವೇಳೆ ಸಂಪರ್ಕ ಕಡಿತಗೊಂಡಲ್ಲಿ ತಕ್ಷಣ ಮರುಪಾವತಿ ಮಾಡದೆ, ಮೊದಲಿನ ಅರ್ಜಿ ನೋಂದಣಿಯಾಗಿದೆಯೇ ಎಂದು ಸಿಬ್ಬಂದಿಯಿಂದ ಪರಿಶೀಲಿಸಿಕೊಳ್ಳತಕ್ಕದ್ದು.
- ದೋಷದ ದಿನಾಂಕ, ವೇಳೆ ಮತ್ತು ಪರದೆಯ ಸಂದೇಶವನ್ನು ಬರೆದಿಟ್ಟುಕೊಳ್ಳುವುದು. ದೂರು ನೀಡಲು ಮಾತ್ರವಲ್ಲದೆ, ತಂತ್ರಜ್ಞರು ದಾಖಲೆಗಳೊಂದಿಗೆ ತಾಳೆ ನೋಡಲೂ ಇದು ಸಹಕಾರಿ.
- ಶಾಲಾ ಪ್ರವೇಶ, ವಿದ್ಯಾರ್ಥಿವೇತನ ಮುಂತಾದವುಗಳಿಗೆ ಕೊನೆಯ ದಿನದವರೆಗೆ ಕಾಯದೆ ಮುಂಚಿತವಾಗಿ ಅರ್ಜಿ ಸಲ್ಲಿಸುವುದು.

ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಜಿ.ಎಸ್.ಸಿ. ಸಂಖ್ಯೆಯ ಆಧಾರದ ಮೇಲೆ ಮೇಲ್ಮನವಿ ಸಲ್ಲಿಸಬಹುದಾಗಿದೆ. ವಿಳಂಬದ ಪ್ರತಿ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಪಡೆಯಲು ಅಧಿನಿಯಮದಲ್ಲಿ ಅವಕಾಶ ಕಲ್ಪಿಸಲಾಗಿದೆ.