ಕುರ್ದಿ ರತ್ನಗಂಬಳಿ: ನಂಬಿಕೆ ಏನು, ನಿಜ ಏನು?

ಹಳೆಯ ರತ್ನಗಂಬಳಿ ಎಂದ ಕೂಡಲೇ ಕಣ್ಮುಂದೆ ಬರುವುದು ಇರಾನಿನ ತಬ್ರೀಜ್, ಇಸ್ಫಹಾನ್ ನಗರಗಳ ಅಚ್ಚುಕಟ್ಟಾದ ಹೂಬಳ್ಳಿ. ಇರಾನ್, ಇರಾಕ್, ತುರ್ಕಿ, ಸಿರಿಯಾಗಳಲ್ಲಿ ಹಂಚಿಹೋಗಿರುವ ಕುರ್ದರ ನೇಯ್ಗೆಯನ್ನೂ ಅದೇ ಅಳತೆಗೋಲಿನಿಂದ ಅಳೆಯುವುದರಿಂದ ಎಡವಟ್ಟು ಶುರುವಾಗುತ್ತದೆ.

ತಪ್ಪು ಕಲ್ಪನೆ: ಕುರ್ದರದು ಅಲೆಮಾರಿಗಳ ಒರಟು ನೇಯ್ಗೆ.

ಸತ್ಯ: ಅಲೆಮಾರಿ ನೇಯ್ಗೆ ಇತ್ತು, ಆದರೆ ಅಷ್ಟೇ ಇರಲಿಲ್ಲ. ಇರಾನಿನ ಕುರ್ದಿಸ್ತಾನ ಪ್ರಾಂತ್ಯದ ಸನಂದಜ್ ಪಟ್ಟಣದಲ್ಲಿ ತೆಳ್ಳನೆಯ, ನವಿರಾದ ಗಂಬಳಿಗಳು ಹುಟ್ಟಿದವು. ಕೆಲವಕ್ಕೆ ಹಾಸುನೂಲೇ ಬಣ್ಣಬಣ್ಣದ ರೇಷ್ಮೆ. ಅದೇ ಪ್ರಾಂತ್ಯದ ಬಿಜಾರ್ ಇದಕ್ಕೆ ತದ್ವಿರುದ್ಧ. ಅಲ್ಲಿ ಹೊಕ್ಕುನೂಲನ್ನು ಭಾರವಾದ ಲೋಹದ ಹಣಿಗೆಯಿಂದ ಬಡಿದು ಬಡಿದು ಕೂರಿಸುತ್ತಿದ್ದರು. ವ್ಯಾಪಾರಿಗಳು ಅದನ್ನು ಪರ್ಷಿಯಾದ ಕಬ್ಬಿಣದ ಗಂಬಳಿ ಎಂದೇ ಕರೆದರು.

ತಪ್ಪು ಕಲ್ಪನೆ: ಗಂಟು ಹೆಚ್ಚಿದ್ದಷ್ಟೂ ಗಂಬಳಿ ಶ್ರೇಷ್ಠ.

ಸತ್ಯ: ಕುರ್ದರ ಜಾಫ್ ಬುಡಕಟ್ಟಿನ ಹೇರುಚೀಲಗಳ ಮುಖಭಾಗ ನೋಡಬೇಕು. ಗಂಟುಗಳು ವಿರಳ, ವಜ್ರಾಕೃತಿಗಳ ಓರೆಗೆರೆ ಮಾತ್ರ ನುಣುಪು. ಪ್ರತಿ ಸಾಲಿನ ಗಂಟನ್ನೂ ಒಂದೊಂದು ಎಳೆ ಪಕ್ಕಕ್ಕೆ ಸರಿಸಿ ಕಟ್ಟಿದ ಜಾಣತನವದು. ಹೊಳಪಿಗೆ ಒಳ್ಳೆಯ ಉಣ್ಣೆಯೇ ಕಾರಣ.

ತಪ್ಪು ಕಲ್ಪನೆ: ಒಂದೇ ಬಣ್ಣದಲ್ಲಿ ಗಾಢ, ತಿಳಿ ಪಟ್ಟೆ ಕಂಡರೆ ಅದು ದೋಷ.

ಸತ್ಯ: ಇದು ಅಬ್ರಾಶ್. ಉಣ್ಣೆಗೆ ಸ್ವಲ್ಪಸ್ವಲ್ಪವಾಗಿ ಬಣ್ಣ ಕಟ್ಟುತ್ತಿದ್ದರಿಂದ ಒಂದು ಕಂತಿನ ಕೆಂಪು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕೈಯಲ್ಲಿ ನೂತ ನೂಲೂ ಬಣ್ಣವನ್ನು ಸಮನಾಗಿ ಹೀರುತ್ತಿರಲಿಲ್ಲ. ಹಾಗೆಂದು ಅಬ್ರಾಶ್ ಕಂಡದ್ದೆಲ್ಲ ಹಳೆಯದಲ್ಲ. ಇಂದಿನ ತಯಾರಕರು ಬೇಕೆಂದೇ ಅದನ್ನು ತರಿಸುತ್ತಾರೆ.

ತಪ್ಪು ಕಲ್ಪನೆ: ನೂರು ವರ್ಷ ದಾಟಿದ ಗಂಬಳಿಯ ಬಣ್ಣವೆಲ್ಲ ಗಿಡಮೂಲದ್ದು.

ಸತ್ಯ: ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ವಿಲಿಯಂ ಪರ್ಕಿನ್ ಮೊದಲ ರಾಸಾಯನಿಕ ಬಣ್ಣ ಕಂಡುಹಿಡಿದದ್ದು 1856ರಲ್ಲಿ. ಆ ಶತಮಾನ ಮುಗಿಯುವುದರೊಳಗೆ ಇಂಥ ಬಣ್ಣಗಳು ಇರಾನಿನ ಮಗ್ಗಗಳನ್ನು ಮುಟ್ಟಿದ್ದವು. ಎಳೆಗಳನ್ನು ಬೆರಳಿನಿಂದ ಬಿಡಿಸಿ ನೋಡಿದಾಗ ಬುಡದಲ್ಲಿ ಕಡುಬಣ್ಣವಿದ್ದು ತುದಿ ಪೂರ್ತಿ ಬಿಳಿಚಿಕೊಂಡಿದ್ದರೆ ಅನುಮಾನಕ್ಕೆ ಎಡೆಯಿದೆ.

ತಪ್ಪು ಕಲ್ಪನೆ: ಪುರಾತನ ಗಂಬಳಿಯ ಜಾಗ ಗೋಡೆಯೇ.

ಸತ್ಯ: ಅದು ನೇಯ್ಗೆಯನ್ನು ಅವಲಂಬಿಸಿದೆ. ಸುಸ್ಥಿತಿಯ ಬಿಜಾರ್ ನಡುಮನೆಯ ಓಡಾಟವನ್ನು ತಡೆದುಕೊಳ್ಳುತ್ತದೆ. ಮಡಚಿದರೆ ಮಾತ್ರ ನೂಲು ಮುರಿಯಬಹುದು, ಸುತ್ತಿಡಬೇಕು. ಸನಂದಜ್‌ನ ತೆಳು ಕಿಲೀಮ್‌ನಲ್ಲಿ, ಅಂದರೆ ಗಂಟಿಲ್ಲದ ಚಪ್ಪಟೆ ನೇಯ್ಗೆಯಲ್ಲಿ, ಬಣ್ಣ ಬದಲಾಗುವೆಡೆ ಸಣ್ಣ ಸೀಳುಗಳಿರುವುದರಿಂದ ಕುರ್ಚಿಯ ಕಾಲು ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಗೋಡೆ ಅಥವಾ ದಿವಾನವೇ ವಾಸಿ. ಉಣ್ಣೆ ತಿನ್ನುವ ನುಸಿ ಸೋಫಾದ ಅಡಿಯ ಕತ್ತಲಲ್ಲಿ ಬೆಳೆಯುತ್ತದೆ, ಹಾಗಾಗಿ ಅಲ್ಲಿಯ ಭಾಗವನ್ನೂ ಆಗಾಗ ಎತ್ತಿ ಗುಡಿಸಬೇಕು. ನಡುನಡುವೆ ದಿಕ್ಕು ತಿರುಗಿಸಿ ಹಾಸಿದರೆ ಸವೆತ, ಬಿಸಿಲು ಎರಡೂ ಒಂದೇ ಕಡೆ ಬೀಳುವುದಿಲ್ಲ.