ಉದ್ಯೋಗಸ್ಥಳದಲ್ಲಿ ಸ್ತ್ರೀಯರ ಸಮಾನಾವಕಾಶ: ಬೆಳಗಾವಿ ಮತ್ತು ಖಾನಾಪುರ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿಲೊಮೀಟರುಗಳ ದಾರಿ. ನಗರದಲ್ಲಿ ಕಾಲೇಜುಗಳು, ಆಸ್ಪತ್ರೆಗಳು, ಕಚೇರಿಗಳು, ಎರಕದ ಕಾರ್ಖಾನೆಗಳು. ಖಾನಾಪುರದ ಕಡೆಗೆ ಹೆಂಚು-ಇಟ್ಟಿಗೆಗಳ ಭಟ್ಟಿಗಳು, ಭತ್ತದ ಗದ್ದೆಗಳು, ಮನೆಗೆಲಸ. ಸ್ತ್ರೀಯರು ಎರಡೆಡೆಗಳಲ್ಲಿಯೂ ದುಡಿಯುತ್ತಾರೆ; ಕಾಯಿದೆಯೂ ಎರಡೆಡೆಗೆ ಒಂದೇ. ಆದರೆ ಕಿರುಕುಳಕ್ಕೊಳಗಾದವಳು ತನ್ನ ದೂರನ್ನು ಎಲ್ಲಿಗೆ ಒಯ್ಯಬೇಕೆಂಬ ಪ್ರಶ್ನೆಗೆ ಮಾತ್ರ ಉತ್ತರವು ಒಂದೇ ಅಲ್ಲ. ಪ್ರಕೃತ ಲೇಖನದ ವಿಷಯವಿದು.

ಸರಕಾರಿ ಉದ್ಯೋಗದಲ್ಲಿ ಲಿಂಗಭೇದವು ಸಲ್ಲದೆಂದು ಸಂವಿಧಾನದ 16ನೆಯ ಅನುಚ್ಛೇದವು ಸಾರಿದ ಬಳಿಕವೂ, ವಿವಾಹಕ್ಕೆ ಮುನ್ನ ಸ್ತ್ರೀ ಅಧಿಕಾರಿಯು ಸರಕಾರದ ಅನುಮತಿ ಪಡೆಯಬೇಕೆಂಬ ನಿಯಮವು ವಿದೇಶಾಂಗ ಸೇವೆಯಲ್ಲಿ ಉಳಿದಿತ್ತು. ಕೊಡಗಿನ ಸಿ. ಬಿ. ಮುತ್ತಮ್ಮನವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕಾಗ, 1979ರಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇಂತಹ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಅಲ್ಲಿ ಅಸಮಾನತೆಯು ಅಕ್ಷರರೂಪದಲ್ಲಿತ್ತು, ಅಳಿಸಲು ಸಾಧ್ಯವಾಯಿತು. ಕಿರುಕುಳವಾದರೋ ಯಾವ ನಿಯಮಪುಸ್ತಕದಲ್ಲಿಯೂ ಇರುವುದಿಲ್ಲ.

ಅದನ್ನು ಕಾನೂನಿನ ಕಣ್ಣಿಗೆ ತಂದುದು ನಗರದ ಕಚೇರಿಯಲ್ಲ. ರಾಜಸ್ಥಾನದಲ್ಲಿ ಬಾಲ್ಯವಿವಾಹವನ್ನು ತಡೆಯಲೆತ್ನಿಸಿದ ಸರಕಾರಿ ಯೋಜನೆಯ ಗ್ರಾಮಕಾರ್ಯಕರ್ತೆ ಭಂವರಿ ದೇವಿಯವರ ಮೇಲೆ 1992ರಲ್ಲಿ ನಡೆದ ಅತ್ಯಾಚಾರವು 1997ರ ವಿಶಾಖಾ ತೀರ್ಪಿಗೆ ಹಿನ್ನೆಲೆಯಾಯಿತು. ಆ ತೀರ್ಪಿನ ಸೂತ್ರಗಳೇ 2013ರ ಕಾಯಿದೆಗೆ ತಳಹದಿ. ಹಳ್ಳಿಯ ಹೆಂಗಸಿನಿಂದ ಹುಟ್ಟಿದ ಈ ಕಾಯಿದೆಯು ಇಂದು ಪಟ್ಟಣದಲ್ಲಿಯೇ ಹೆಚ್ಚು ಪರಿಚಿತವಾಗಿರುವುದು ವಿಚಿತ್ರವೇ ಸರಿ.

ಕಾರಣವು ಕಾಯಿದೆಯ ರಚನೆಯಲ್ಲಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರು ದುಡಿಯುವಲ್ಲಿ ಮಾಲೀಕನು ಆಂತರಿಕ ಸಮಿತಿಯನ್ನು ನೇಮಿಸಬೇಕು. ಅದರ ಅಧ್ಯಕ್ಷೆ ಹಿರಿಯ ಶ್ರೇಣಿಯ ಮಹಿಳೆಯಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಸ್ತ್ರೀಯರಿರಬೇಕು, ಹೊರಗಿನವರೊಬ್ಬರು ಇರಬೇಕು. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ, ಅಥವಾ ಆರೋಪವು ಮಾಲೀಕನ ಮೇಲೆಯೇ ಇರುವಲ್ಲಿ, ಜಿಲ್ಲೆಯ ಸ್ಥಳೀಯ ಸಮಿತಿಯೇ ಗತಿ. ದಿನಗೂಲಿಯವಳು, ಗುತ್ತಿಗೆಯವಳು, ಮನೆಗೆಲಸದವಳು ಎಲ್ಲರೂ ಕಾಯಿದೆಯ ವ್ಯಾಪ್ತಿಗೆ ಬರುತ್ತಾರೆ; ಇನ್ನೊಬ್ಬರ ಮನೆಯೂ ಉದ್ಯೋಗಸ್ಥಳವೆನಿಸುತ್ತದೆ.

ಈಗ ಕಣಕುಂಬಿ ಅಥವಾ ಲೋಂಡಾದ ಕಡೆಯ ಕೂಲಿಕಾರಳನ್ನು ಕಲ್ಪಿಸಿಕೊಳ್ಳೋಣ. ದೂರಿಗೆ ಇರುವ ಅವಧಿ ಮೂರು ತಿಂಗಳು. ಸಕಾರಣವಿದ್ದಲ್ಲಿ ಇನ್ನೂ ಮೂರು. ಜಿಲ್ಲಾಸ್ಥಳಕ್ಕೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ದೂರು ಲಿಖಿತವಾಗಿರಬೇಕು, ಅವಳ ಮನೆಮಾತು ಮರಾಠಿಯೋ ಕೊಂಕಣಿಯೋ ಆಗಿರಬಹುದು, ಓದುಬರೆಹ ಬಾರದಿರಬಹುದು. ಬರೆಯಲಾರದವಳಿಗೆ ಸಮಿತಿಯೇ ನೆರವಾಗತಕ್ಕದ್ದೆಂದು ಕಾಯಿದೆಯು ವಿಧಿಸಿದೆ. ಅಲ್ಲದೆ, ತಾಲೂಕಿಗೊಬ್ಬ ನೋಡಲ್ ಅಧಿಕಾರಿಯು ದೂರನ್ನು ಸ್ವೀಕರಿಸಿ ಏಳು ದಿನಗಳೊಳಗೆ ಸ್ಥಳೀಯ ಸಮಿತಿಗೆ ಕಳುಹಿಸಬೇಕು. ನಮ್ಮ ಅಭಿಪ್ರಾಯದಲ್ಲಿ ಖಾನಾಪುರದಂತಹ ವಿಸ್ತಾರವಾದ ಅರಣ್ಯಪ್ರದೇಶಕ್ಕೆ ಇಡೀ ಕಾಯಿದೆಯ ಜೀವಾಳ ಈ ಒಂದು ಹುದ್ದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಪ್ರತಿ ಜಿಲ್ಲೆಯಲ್ಲಿಯೂ ಅಧಿಕಾರಿಯ ನೇಮಕವೂ ಸಮಿತಿಯ ರಚನೆಯೂ ಆಗಬೇಕೆಂದು ಗಡುವು ಹಾಕಿ ಆಜ್ಞಾಪಿಸಬೇಕಾಯಿತೆಂದರೆ, ಹನ್ನೊಂದು ವರ್ಷಗಳ ಕಾಲ ಕೆಲಸವು ಹೇಗೆ ಸಾಗಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಆ ಆಜ್ಞೆಯು ಹೊರಟದ್ದು ನೆರೆಯ ಗೋವೆಯ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರ ಪ್ರಕರಣದಲ್ಲಿ. ವಿದ್ಯಾರ್ಥಿನಿಯರು ದೂರಿತ್ತಿದ್ದರು, ಸಮಿತಿಯು ವಿಚಾರಣೆಯನ್ನು ಅವಸರದಿಂದ ಮುಗಿಸಿ ಆರೋಪಿಗೆ ಪ್ರತಿವಾದದ ಯುಕ್ತ ಅವಕಾಶವನ್ನು ಕೊಡಲಿಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟು ವಜಾ ಆದೇಶವನ್ನು ರದ್ದುಗೊಳಿಸಿ ಮರುವಿಚಾರಣೆಗೆ ಕಳುಹಿಸಿತು. 2009ರ ದೂರು ಹದಿನಾಲ್ಕು ವರ್ಷಗಳ ತರುವಾಯ ಸಮಿತಿಯ ಮೇಜಿಗೇ ಹಿಂದಿರುಗಿತು. ಕ್ರಮವರಿಯದ ಸಮಿತಿಯಿಂದ ನಷ್ಟವು ಇಬ್ಬರಿಗೂ, ದೂರಿತ್ತವರಿಗೆ ಹೆಚ್ಚು.

ಕಾಲೇಜುಗಳಿಗೆ ಯು.ಜಿ.ಸಿ.ಯ 2015ರ ನಿಯಮಾವಳಿಯೂ ಅನ್ವಯಿಸುತ್ತದೆ. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಸಮಿತಿಯಲ್ಲಿರಬೇಕು. ಸಮಿತಿಯ ರಚನಾದೇಶವನ್ನು ಎದ್ದುಕಾಣುವ ಸ್ಥಳದಲ್ಲಿ ಅಂಟಿಸಬೇಕೆಂದು ಕಾಯಿದೆಯ 19ನೆಯ ಕಲಮು ಹೇಳುತ್ತದೆ. ತಮ್ಮ ಕಾಲೇಜಿನ ಫಲಕದಲ್ಲಿ ಅದು ಇದೆಯೇ, ಹಳೆಯದಾಗಿದೆಯೇ ಎಂದು ವಿದ್ಯಾರ್ಥಿಗಳು ಇಂದೇ ನೋಡಿಬರಬಹುದು. ಖಾನಾಪುರದ ಹಳ್ಳಿಗಳಲ್ಲಿ ಇಂತಹ ಫಲಕಕ್ಕೆ ತಕ್ಕ ಸ್ಥಳವೆಂದರೆ ಗ್ರಾಮಪಂಚಾಯಿತಿಯ ಗೋಡೆ. ಬರೆಹವು ಕನ್ನಡ, ಮರಾಠಿ ಎರಡರಲ್ಲಿಯೂ ಇರಬೇಕು, ನೋಡಲ್ ಅಧಿಕಾರಿಯ ದೂರವಾಣಿ ಸಂಖ್ಯೆಯು ದಪ್ಪ ಅಂಕಿಗಳಲ್ಲಿರಬೇಕು.